ಗುಂಡಯ್ಯನ ಹೆಸರಿನ ಚೀಲಗಳು

ಜನವರಿ 5, 2004, ಸೋಮವಾರ

ಗೊಬ್ಬರದ ಕಂಪನಿಯವರು ಪ್ರತಿ ವರ್ಷ ಒಂದು ಡೈರಿ ಕೊಡುತ್ತಾರೆ. ಗ್ಯಾಸ್ ಬಂದ ತಾರೀಕು, ಮಗಳು ಹಂಸಳ ಜ್ವರದ ಮಾತ್ರೆಯ ಹೆಸರು, ಇಷ್ಟು ಬಿಟ್ಟರೆ ಅದರಲ್ಲಿ ನಾನು ಏನೂ ಬರೆದವಳಲ್ಲ. ಇವತ್ತು ಬರೆಯುತ್ತಿದ್ದೇನೆ. ಮನೆಯಲ್ಲಿ ಹೇಳಿಕೊಂಡರೆ ಇವರು "ಬಿಡೇ ಅತ್ಲಾಗೆ" ಅನ್ನುತ್ತಾರೆ. ಆಫೀಸಿನಲ್ಲಿ ಹೇಳಿದರೆ ನಗುತ್ತಾರೆ.

ಬೆಳಿಗ್ಗೆ ಹಾಸನದ ಆಫೀಸಿನಲ್ಲಿ ನಮ್ಮ ಕೋಲ್ಡ್ ಸ್ಟೋರೇಜಿನ ಯಜಮಾನರು ಕರೆಸಿದರು. ಬಸವರಾಜು ಅವರು ಎದುರಿನ ಕುರ್ಚಿಯಲ್ಲಿ ಕೂರಿಸಿ ಮಾತಾಡಿದರೆಂದರೆ ಸುದ್ದಿ ಒಳ್ಳೆಯದಲ್ಲ ಎಂದು ಹದಿನೈದು ವರ್ಷದಲ್ಲಿ ಕಲಿತಿದ್ದೇನೆ.

"ನಿಮ್ ಪ್ರೋಗ್ರಾಂಗೆ ವಯಸ್ಸಾಯ್ತಲ್ಲ ವೇದವತಮ್ಮ. ಮೈಸೂರ್ನ ಕಂಪ್ಯೂಟರ್ ಕಂಪ್ನಿಯೋರಿಗೆ ಹೇಳಿದೀನಿ. ಚೀಲ, ಗೊಬ್ಬರ, ಲಾರಿ, ಸಂಬಳ, ಎಲ್ಲಾ ಒಂದ್ರಲ್ಲೇ ಬತ್ತದಂತೆ. ಒಂದು ಹುಡುಗಿ ಕಳಿಸ್ತಾರೆ. ನೀವು ಜೊತೇಲಿದ್ದು ತೋರಿಸ್ಕೊಡಿ."

ವಯಸ್ಸಾಯಿತಂತೆ. ಟೈಪಿಸ್ಟ್ ಆಗಿ ಸೇರಿದವಳು ನಾನು. ಭಾನುವಾರ ಭಾನುವಾರ ಹಾಸನದಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋಗಿ, ಹಂಸಳನ್ನು ಬೆಂಚಿನ ಮೇಲೆ ಮಲಗಿಸಿಕೊಂಡು ಫಾಕ್ಸ್‌ಪ್ರೋ ಕಲಿತು, 1996ರಲ್ಲಿ ಈ ಪ್ರೋಗ್ರಾಂ ಬರೆದೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಆಫೀಸುಗಳಲ್ಲಿ ರೈತರು ಬಿತ್ತನೆ ಆಲೂಗಡ್ಡೆ ತಂದು ಕೊಡುತ್ತಾರೆ. ಸಂಜೆ ಅಲ್ಲಿಯ ಫ್ಲಾಪಿಗಳು ಟಿಫನ್ ಡಬ್ಬಿಯಲ್ಲಿ, ಬಸ್ಸಿನ ಕಂಡಕ್ಟರ್ ಕೈಯಲ್ಲಿ ಹಾಸನಕ್ಕೆ ಬರುತ್ತವೆ. ಹಾಸನದ ಕೋಲ್ಡ್ ಸ್ಟೋರೇಜಿನಲ್ಲಿ ಗಡ್ಡೆ ತಣ್ಣಗೆ ಮಲಗಿರುತ್ತದೆ. ಮೇ ತಿಂಗಳಲ್ಲಿ ಮಳೆ ಬಿದ್ದ ಕೂಡಲೇ ಅವರವರ ಗಡ್ಡೆ ಅವರವರಿಗೆ ಹೋಗುತ್ತದೆ. ಎಂಟು ವರ್ಷ ಒಂದು ಚೀಲವೂ ಆಚೀಚೆ ಆಗದಂತೆ ನೋಡಿಕೊಂಡದ್ದು ಯಾರು? ಆ ಮೈಸೂರಿನ ಹುಡುಗಿಯೇ?

ಜನವರಿ 12, ಸೋಮವಾರ

ಬಂದಳು. ಹೆಸರು ಪ್ರತಿಭಾ. ಹೆಸರಿನಲ್ಲೇ ಇಟ್ಟುಕೊಂಡು ಬಂದಿದ್ದಾಳೆ. ಇಪ್ಪತ್ತೆಂಟೋ ಇಪ್ಪತ್ತೊಂಬತ್ತೋ ಇರಬೇಕು. ಓದಿದ್ದು ಮೈಸೂರಾದರೂ ಹುಟ್ಟಿದ್ದು ಅರಕಲಗೂಡಂತೆ. ಆ ಒಂದು ಮಾತಿಗೇ ಆಫೀಸಿನ ಅರ್ಧ ಜನ ಅವಳಿಗೆ ನೆಂಟರಾದರು. ಕಸ ಗುಡಿಸುವ ಮಾರಮ್ಮ ಮೂರು ಗಂಟೆಗೆ ತನ್ನ ಹಿತ್ತಲ ಸೀಬೆಹಣ್ಣು ತಂದು ಮೊದಲು ಅವಳಿಗೆ ಕೊಟ್ಟಳು. ಮಾರಮ್ಮನ ಮಗನಿಗೆ ಹಾಸ್ಟೆಲ್ ಅರ್ಜಿ ಬರೆದುಕೊಟ್ಟವಳು ನಾನು.

ನನ್ನ ಪ್ರೋಗ್ರಾಂ ತೆರೆದು ಎರಡು ಗಂಟೆ ನೋಡಿದಳು. "ಮೇಡಂ, ಇದನ್ನ ನೀವೊಬ್ಬರೇ ಬರೆದದ್ದಾ? ಎಷ್ಟು ಚೆನ್ನಾಗಿದೆ!"

ಅಷ್ಟು ಚೆನ್ನಾಗಿದ್ದರೆ ನೀನು ಯಾಕಮ್ಮ ಬಂದೆ ಎಂದು ಬಾಯಿ ತುದಿಗೆ ಬಂದಿತ್ತು. ನಕ್ಕೆ. ಅವಳ ಬೆರಳು ಕೀಲಿಮಣೆಯ ಮೇಲೆ ಓಡುವುದನ್ನು ನೋಡಬಾರದೆಂದರೂ ನೋಡಿದೆ. ನನ್ನ ದುಪ್ಪಟ್ಟು ವೇಗ.

ಜನವರಿ 21, ಬುಧವಾರ

ಮೀಟಿಂಗು. ಯಜಮಾನರಿಗೆ ಅವಸರ. ಶಿವರಾತ್ರಿಯ ಮಾರನೆಯ ದಿನ ಪೂಜೆ ಮಾಡಿ, ನಾಲ್ಕೂ ಊರಿನಲ್ಲಿ ಒಟ್ಟಿಗೆ ಹೊಸದನ್ನು ಶುರು ಮಾಡಿ, ಹಳೆಯದನ್ನು ಅಂದೇ ನಿಲ್ಲಿಸಿಬಿಡಬೇಕೆಂದು ಅವರ ಆಸೆ.

ಪ್ರತಿಭಾ ಬೋರ್ಡಿನ ಮೇಲೆ ನಾಲ್ಕು ಊರಿನ ಹೆಸರು ಬರೆದಳು. "ಸರ್, ನಾಲ್ಕೂ ಊರು ಒಂದೇ ಥರ ಇಲ್ಲ. ಅರಕಲಗೂಡಲ್ಲಿ ಫೋನ್ ಲೈನು ದಿನಕ್ಕೆ ನಾಲ್ಕು ಸಲ ಸಾಯ್ತದೆ. ಅಲ್ಲಿ ಈ ವರ್ಷ ಫ್ಲಾಪಿನೇ ಇರ್ಲಿ. ಚನ್ನರಾಯಪಟ್ಟಣಕ್ಕೆ ಗೊಬ್ಬರದ ಭಾಗ ಮಾತ್ರ ಕೊಡೋಣ. ಚೀಲದ ಕೆಲಸ ಹೊಳೆನರಸೀಪುರದಲ್ಲಿ ಮೊದ್ಲು ಹೊಸದರಲ್ಲಿ ಮಾಡೋಣ, ಪಕ್ಕದಲ್ಲೇ ಹಳೇದೂ ಓಡ್ತಿರ್ಲಿ. ತಪ್ಪಾದ್ರೂ ಒಂದೂರಲ್ಲಿ ಆಗ್ತದೆ, ತಿದ್ಕೋಬೋದು. ಸಂಬಳದ್ದು ಮೇಡಂ ಬರೆದಿರೋದು ಗಟ್ಟಿಯಾಗಿದೆ, ಅದನ್ನ ಮುಟ್ಟೋದೇ ಬೇಡ."

"ಇದ್ಯಾವಾಗ ಮುಗಿಯೋದು?"

"ಮುಂದಿನ ವರ್ಷ ಆಗ್ಬೋದು ಸರ್. ನಡುವೆ ದಾರಿ ಬದಲಾಯಿಸ್ಬೇಕು ಅನ್ನಿಸಿದ್ರೆ ಬದಲಾಯಿಸ್ಬೋದು."

ಯಜಮಾನರು ನನ್ನ ಕಡೆ ತಿರುಗಿದರು. "ವೇದವತಮ್ಮ, ನೀವೇನಂತೀರಿ?"

"ನೀವು ಹೇಳಿದ್ದೇ ಸರಿ ಸರ್. ಒಂದೇ ದಿನ, ನಾಲ್ಕೂ ಊರು. ಎರಡೆರಡು ಇಟ್ಟುಕೊಂಡರೆ ಹುಡುಗರಿಗೆ ಗೊಂದಲ" ಅಂದೆ.

ಒಂದೇ ದಿನ ಹಾರಿದರೆ ಅವಳು ಬೀಳುತ್ತಾಳೆ. ನನಗೆ ಗೊತ್ತು. ಬೀಳಲಿ. ಹೀಗೆ ಬರೆದೆನಲ್ಲ ಎಂದು ನಾಚಿಕೆಯಾಗುತ್ತಿದೆ, ಆದರೆ ಹೊಡೆದುಹಾಕುವುದಿಲ್ಲ. ನನ್ನ ಸಂಬಳದ ಪ್ರೋಗ್ರಾಂ ಗಟ್ಟಿಯಾಗಿದೆಯೆಂದು ಸರ್ಟಿಫಿಕೇಟು ಕೊಡುವಷ್ಟು ದೊಡ್ಡವಳಾದಳೇ?

ಯಜಮಾನರು ಊಟವಾದ ಮೇಲೆ ತೀರ್ಮಾನ ಹೇಳಿದರು. "ಆ ಮಗು ಹೇಳೋದ್ರಲ್ಲೂ ನ್ಯಾಯ ಅದೆ. ಹೊಳೆನರಸೀಪುರದಲ್ಲೇ ಸುರು ಮಾಡಾಣ. ವೇದವತಮ್ಮ, ಹೆಂಗೂ ನಿಮ್ಮೂರು. ಮೇ ಮುಗಿಯೋಗಂಟ ನೀವೂ ಅಲ್ಲೇ ಕೂತ್ಕಳಿ."

ಮಗುವಂತೆ! ನನ್ನನ್ನು ಸೇರಿದ ದಿನದಿಂದಲೂ "ವೇದವತಮ್ಮ".

ಫೆಬ್ರವರಿ 4, ಬುಧವಾರ

ಆಫೀಸಿನಲ್ಲಿ ಸಾಲದೆಂದು ಈಗ ಬೀದಿಯಲ್ಲೂ ಅವಳೇ. ನಮ್ಮ ಮನೆಯಿಂದ ಮೂರನೆಯ ಮನೆ, ಸುಬ್ಬಮ್ಮನವರ ಮಹಡಿಯಲ್ಲಿ ರೂಮು ಹಿಡಿದಿದ್ದಾಳೆ. ಸಂಜೆ ಕಾಫಿಪುಡಿ ಕೇಳಿಕೊಂಡು ಬಂದವಳು ಎಂಟು ಗಂಟೆಯವರೆಗೆ ನಮ್ಮ ಹಜಾರದಲ್ಲಿ ಕೂತಿದ್ದಳು. ಇವರು ಹೈಸ್ಕೂಲಿನ ಗಣಿತದ ಮೇಷ್ಟ್ರು. ಮಾತಿಗೆ ಸಿಕ್ಕವರನ್ನು ಬಿಡುವುದಿಲ್ಲ. ಇಬ್ಬರೂ ಯಾವುದೋ ಲೆಕ್ಕ ಹಿಡಿದು ನಗುತ್ತಿದ್ದರು. ನಾನು ಒಳಗೆ ಹುಳಿಗೆ ಒಗ್ಗರಣೆ ಹಾಕುತ್ತಿದ್ದೆ.

ಹೋಗುವಾಗ "ಬರ್ತೀನಿ ಅಕ್ಕ" ಅಂದಳು. ಬೆಳಿಗ್ಗೆ ಮೇಡಂ, ಸಂಜೆಗೆ ಅಕ್ಕ.

ಹಂಸ ಊಟಕ್ಕೆ ಕೂತಾಗ ಹೇಳಿದಳು. "ಅಮ್ಮ, ಪ್ರತಿಭಾ ಅಕ್ಕ ನಂಗೆ ಭಾನುವಾರ ಕಂಪ್ಯೂಟರ್ ಹೇಳಿಕೊಡ್ತಾರಂತೆ."

"ನಾನಿಲ್ವಾ?"

"ನಿಂದು ಹಳೇದಲ್ವಾ ಅಮ್ಮ."

ಹದಿನಾಲ್ಕು ವರ್ಷದ ಹುಡುಗಿ. ಕೆಟ್ಟದ್ದಾಗಲಿ ಎಂದು ಹೇಳಿದ್ದಲ್ಲ. ಆದರೂ ಅರ್ಧ ಊಟಕ್ಕೇ ಎದ್ದು ಕೈ ತೊಳೆದೆ. ಹೊಟ್ಟೆಕಿಚ್ಚು ಎಂಬುದು ಬರೀ ಮಾತಲ್ಲ, ನಿಜವಾಗಿಯೂ ಹೊಟ್ಟೆಯಲ್ಲೇ ಉರಿಯುತ್ತದೆ.

ಫೆಬ್ರವರಿ 11, ಬುಧವಾರ

ಹಳೆಯ ಪಟ್ಟಿಯನ್ನು ಹೊಸದಕ್ಕೆ ಹಾಕುವ ಮುಂಚೆ ಸೋಸುತ್ತಿದ್ದೇವೆ. ಎರಡು ಸಲ ಸೇರಿದ ಹೆಸರುಗಳನ್ನು ಒಂದು ಮಾಡಬೇಕು. ಪ್ರತಿಭಾ ಒಂದು ಸಾಲಿನ ಮೇಲೆ ಪೆನ್ನಿಟ್ಟಳು.

"ಅಕ್ಕ, ಹರದನಹಳ್ಳಿ 1 ಗುಂಡಯ್ಯ, ಹರದನಹಳ್ಳಿ 2 ಗುಂಡಯ್ಯ. ಇವೆರಡೂ ಒಬ್ಬರದೇನಾ?"

"ಒಬ್ಬರದೇ" ಅಂದೆ.

ಒಬ್ಬರದಲ್ಲ. ಗುಂಡಯ್ಯ ತೀರಿಕೊಂಡು ಹತ್ತು ವರ್ಷವಾಯಿತು. ನಮ್ಮ ರೈತರು ಬಿತ್ತನೆ ಗಡ್ಡೆಯನ್ನು ಸತ್ತ ಅಪ್ಪನ ಹೆಸರಿನಲ್ಲೇ ಇಡುತ್ತಾರೆ. ಅಪ್ಪನ ಕೈಗುಣದಿಂದ ಬೀಜ ಚೆನ್ನಾಗಿ ಮೊಳೆಯುತ್ತದೆ ಎಂದು ನಂಬಿಕೆ. ಮಕ್ಕಳು ಪಾಲಾಗಿ ಬೇರೆ ಒಲೆ ಹೂಡಿದರೂ ಚೀಟಿಯ ಹೆಸರು ಬದಲಾಗುವುದಿಲ್ಲ. ಚೀಲದ ಬಾಯಿ ಹೊಲಿಯುವ ದಾರ ಮಾತ್ರ ಬೇರೆ. ಹಿರಿಯ ಮಗನದು ಕೆಂಪು ದಾರ. ಕಿರಿಯ ಮಗನ ಹೆಂಡತಿ ಬೆಟ್ಟಮ್ಮನದು ಕಪ್ಪು. ಅವಳ ಗಂಡನೂ ಈಗಿಲ್ಲ. 1996ರಲ್ಲಿ ಇದನ್ನು ಹೇಳಿಕೊಟ್ಟ ಕೋಲ್ಡ್ ಸ್ಟೋರೇಜಿನ ಹಳೆಯ ಮೇಸ್ತ್ರಿ ಹೋದ ವರ್ಷ ಕೆಲಸ ಬಿಟ್ಟರು. ಪ್ರೋಗ್ರಾಮಿನಲ್ಲಿ ದಾರಕ್ಕೆಂದು ಜಾಗವಿರಲಿಲ್ಲ. ಊರಿನ ಹೆಸರಿನ ಪಕ್ಕ ಒಂದು ಅಂಕಿ ಸೇರಿಸಿದೆ: ಕೆಂಪಿಗೆ 1, ಕಪ್ಪಿಗೆ 2. ಇಲ್ಲಿ ಹೊಳೆನರಸೀಪುರದ ಗುಮಾಸ್ತ ರಜನೀಶ ಅದನ್ನು ಕೇರಿಯ ನಂಬರು ಅಂದುಕೊಂಡಿದ್ದಾನೆ. ಈಗ ಇದು ಗೊತ್ತಿರುವುದು ನನಗೊಬ್ಬಳಿಗೇ.

ಅವಳು ಪುಸ್ತಕದಲ್ಲಿ ಏನೋ ಬರೆದುಕೊಂಡು ಮುಂದಿನ ಸಾಲಿಗೆ ಹೋದಳು. ಇಂಥ ಮಿಕ್ಕ ಸಾಲುಗಳಿಗೆಲ್ಲ 'ಬೇರೆ ಬೇರೆ' ಎಂದೇ ಹೇಳಿದ್ದೆ, ಯಾಕೆಂದು ಮಾತ್ರ ಹೇಳಿರಲಿಲ್ಲ. ಹೆಸರು ಒಬ್ಬರದೇ ತಾನೆ, ನಾನು ಹೇಳಿದ್ದು ಪೂರ್ತಿ ಸುಳ್ಳೇನಲ್ಲ.

ಫೆಬ್ರವರಿ 12, ಗುರುವಾರ

ರಾತ್ರಿ ನಿದ್ದೆ ಬಂತು. ಚೆನ್ನಾಗಿಯೇ ಬಂತು.

ಮಾರ್ಚ್ 9, ಮಂಗಳವಾರ

ಗಡ್ಡೆ ಬರತೊಡಗಿದೆ. ಎರಡು ಕಂಪ್ಯೂಟರು ಅಕ್ಕಪಕ್ಕ. ಎಡಕ್ಕೆ ನನ್ನದು, ಬಲಕ್ಕೆ ಅವಳದು. ರಜನೀಶ ಎರಡರಲ್ಲೂ ಕುಟ್ಟಬೇಕು. "ಅವಳಿ ಮಕ್ಳಿಗೆ ಊಟ ತಿನ್ನಿಸ್ದಂಗೆ ಆಗದೆ ಕಣಕ್ಕ" ಎಂದು ಗೊಣಗುತ್ತಾನೆ, ಆದರೆ ಕುಟ್ಟುತ್ತಾನೆ. ಅವಳು ನಗಿಸಿ ನಗಿಸಿ ಕೆಲಸ ತೆಗೆಯುತ್ತಾಳೆ. ನಾನು ಗದರಿಸಿ ತೆಗೆಯುತ್ತಿದ್ದೆ. ನನಗೆ ಆ ವಿದ್ಯೆ ಬರಲೇ ಇಲ್ಲ.

ಬೆಟ್ಟಮ್ಮ ಬಂದು ಹದಿನೆಂಟು ಚೀಲ ಇಳಿಸಿ ಹೋದಳು. ಅವಳ ಭಾವನದು ಇಪ್ಪತ್ತಾರು, ನಿನ್ನೆಯೇ ಬಂದಿದೆ. ಹೊಸದರಲ್ಲಿ ಗುಂಡಯ್ಯ, ನಲವತ್ತನಾಲ್ಕು. ನೋಡಿಯೂ ನೋಡದವಳಂತೆ ಚೀಟಿಗೆ ಸೀಲು ಒತ್ತಿದೆ.

ಮಾರ್ಚ್ 21, ಭಾನುವಾರ, ಯುಗಾದಿ

ಪ್ರತಿಭಾ ಊರಿಗೆ ಹೋಗಲಿಲ್ಲ. ಲಾರಿಗಳು ಬರುತ್ತಿವೆಯಲ್ಲ. ಹಬ್ಬದ ದಿನ ಒಬ್ಬಳೇ ಇರುವುದು ಬೇಡವೆಂದು ಇವರು ಊಟಕ್ಕೆ ಕರೆದರು. ನಾಲ್ಕು ಹೋಳಿಗೆ ತಿಂದಳು. "ನಮ್ಮಮ್ಮ ಹೋದ್ಮೇಲೆ ಇಂಥ ಹೋಳಿಗೆ ತಿಂದಿರ್ಲಿಲ್ಲ" ಅಂದಳು.

ಅವಳಿಗೆ ಅಮ್ಮ ಇಲ್ಲವೆಂದು ನನಗೆ ಗೊತ್ತಿರಲಿಲ್ಲ. ಹಂಸಳಿಗೆ ಗೊತ್ತಿತ್ತು, ಇವರಿಗೂ ಗೊತ್ತಿತ್ತು. ಎಲ್ಲರಿಗೂ ಎಲ್ಲ ಹೇಳಿಕೊಂಡಿದ್ದಾಳೆ, ನನಗೆ ಬಿಟ್ಟು. ಅದಕ್ಕೂ ಹೊಟ್ಟೆ ಉರಿಯಿತು. ನಾನೇ ಕೇಳಿರಲಿಲ್ಲ, ಅದು ಬೇರೆ ವಿಷಯ. ಐದನೆಯದನ್ನೂ ಬಡಿಸಿದೆ.

ಏಪ್ರಿಲ್ 26, ಸೋಮವಾರ

ವಾರಕ್ಕೊಮ್ಮೆ ಎರಡೂ ಕಡೆಯ ಮೊತ್ತ ತಾಳೆ ನೋಡುತ್ತೇವೆ. ಎಲ್ಲ ಸರಿ. ಹರದನಹಳ್ಳಿಯದೂ ಸರಿ. ಇಪ್ಪತ್ತಾರು, ಹದಿನೆಂಟು ಕೂಡಿದರೆ ನಲವತ್ತನಾಲ್ಕೇ ತಾನೆ.

ಯಜಮಾನರು ಬಂದು ನೋಡಿ ಪ್ರತಿಭಾಳ ಬೆನ್ನು ತಟ್ಟಿದರು. ಚನ್ನರಾಯಪಟ್ಟಣದಲ್ಲಿ ಗೊಬ್ಬರದ ಭಾಗ ಒಂದು ವಾರ ಎಡವಟ್ಟಾಗಿ, ಅವಳೇ ಅಲ್ಲಿಗೆ ಹೋಗಿ ಕ್ರಮ ಬದಲಾಯಿಸಿ ಸರಿಮಾಡಿದ್ದಾಳೆ. ಅಲ್ಲಿಯವರು ಹೇಳಿದ್ದನ್ನು ಕೇಳಿ ತನ್ನ ಯೋಜನೆಯನ್ನೇ ಅರ್ಧ ತಿದ್ದಿಕೊಂಡಳಂತೆ. ನಾನಾಗಿದ್ದರೆ ನಾನು ಬರೆದದ್ದೇ ಸರಿ ಎಂದು ಜಗಳ ಆಡುತ್ತಿದ್ದೆ.

ಮಧ್ಯಾಹ್ನ ಅವಳಿಗೆ ಗುಂಡಯ್ಯನ ವಿಷಯ ಹೇಳಿಬಿಡೋಣವೆಂದು ಕುರ್ಚಿ ತಿರುಗಿಸಿದೆ. ಅಷ್ಟರಲ್ಲಿ ಹಂಸಳ ಫೋನು, ಅವಳಿಗೆ. ಸುಮ್ಮನೆ ತಿರುಗಿಕೊಂಡೆ. ಇನ್ನೂ ದಿನವಿದೆ.

ಮೇ 17, ಸೋಮವಾರ

ರಾತ್ರಿ ಒಳ್ಳೆಯ ಮಳೆ. ಬೆಳಿಗ್ಗೆ ಎಂಟಕ್ಕೇ ಆಫೀಸಿನ ಮುಂದೆ ಟ್ರ್ಯಾಕ್ಟರುಗಳು. ಇಲ್ಲಿ ಚೀಟಿ ಮಾಡಿಸಿಕೊಂಡು ಹಾಸನಕ್ಕೆ ಹೋಗಿ ಚೀಲ ತುಂಬಿಸಿಕೊಳ್ಳುತ್ತಾರೆ. ಈ ಸಲ ಚೀಟಿ ಕೊಡುವುದು ಹೊಸದರಲ್ಲಿ. ಪ್ರಿಂಟರು ಕಿರ್ರೆಂದು ನಿಲ್ಲದೆ ಓಡಿತು. ಕಾಫಿ ಕುಡಿಯಲೂ ಬಿಡುವಿಲ್ಲ.

ಹೇಳಲಾಗಲಿಲ್ಲ.

ಮೇ 26, ಬುಧವಾರ

ಬೆಟ್ಟಮ್ಮ ಬಂದಳು.

"ನಮ್ ಮಾವನ ಎಸ್ರಲ್ಲಿ ಅದಿನೆಂಟು ಚೀಲ ಐತೆ ಕಣಪ್ಪ, ಕರೀ ದಾರದ್ದು. ಚೀಟಿ ಮಾಡ್ಕೊಡು."

ರಜನೀಶ ಪರದೆ ನೋಡಿದ. "ಗುಂಡಯ್ಯಂದು ಒಂದೂ ಇಲ್ವಲ್ಲಮ್ಮ. ಅತ್ತೊಂಬತ್ನೇ ತಾರೀಕೇ ನಲವತ್ನಾಕೂ ಒಂಟೋಗವೆ."

"ಎಲ್ಲಿಗೋಯ್ತವೆ?"

"ನಿಮ್ ಬಾವನೋರು ಟ್ರ್ಯಾಕ್ಟರ್ ತಂದಿದ್ರು."

ಅವಳು ಕೂಗಾಡುತ್ತಾಳೆಂದು ಕಾದೆ. ಕೂಗಾಡಲಿಲ್ಲ. ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. "ನಮ್ ಬಾವ ಗಡ್ಡೆ ಕುಯ್ದು ನೆಟ್ಬುಟ್ಟವ್ರೆ. ಈ ಸಲ ಒಲ ಪೂರ್ತಿ ನೆಟ್ಟವ್ರಲ್ಲ ಅಂತ ಸಾಲು ನೋಡ್ಕೊಂಡೇ ಬಸ್ ಅತ್ತಿದ್ದು ಕಣವ್ವ. ನನ್ ಬೀಜ ಅಂತ ನಂಗೇನ್ ಗೊತ್ತಿತ್ತು. ನನ್ ಒಲ ಉತ್ತು ಅಂಗೇ ಬಿದ್ದದೆ. ಇನ್ನೆರಡು ದಿನ ಆದ್ರೆ ಅದ ಓಯ್ತದೆ."

ಪ್ರತಿಭಾ ಕುರ್ಚಿಯಿಂದ ಎದ್ದಳು. ನನ್ನ ಕಡೆ ನೋಡಲಿಲ್ಲ. ಎಡಗಡೆಯ ಕಂಪ್ಯೂಟರಿಗೆ ಹೋಗಿ ಹಳೆಯದರಲ್ಲಿ ಹುಡುಕಿದಳು. ಹರದನಹಳ್ಳಿ 1, ಇಪ್ಪತ್ತಾರು. ಹರದನಹಳ್ಳಿ 2, ಹದಿನೆಂಟು. ನನ್ನ ಪ್ರೋಗ್ರಾಂ ಎಲ್ಲವನ್ನೂ ನೆನಪಿಟ್ಟುಕೊಂಡಿತ್ತು.

ಭಾವನಿಗೆ ಫೋನು ಮಾಡಿದರೆ, "ಮಿಸಿನ್ನೇ ಕೊಡ್ತು, ನಾನೇನ್ ಮಾಡ್ಲಿ" ಎಂದು ಇಟ್ಟುಬಿಟ್ಟ.

ಮೇ 27, ಗುರುವಾರ

ಯಜಮಾನರು ಹಾಸನದಿಂದ ಬಂದರು. ಎಲ್ಲರೆದುರಿಗೆ ಪ್ರತಿಭಾಳಿಗೆ ಬೈದರು. "ರೈತನ ಬೀಜ ಅಂದ್ರೆ ಏನು ಅಂತ ಗೊತ್ತೇನಮ್ಮ ನಿಂಗೆ? ಅರಕಲಗೂಡ್ನಲ್ಲಿ ಹುಟ್ಟಿ ಇಷ್ಟೂ ತಿಳೀಲಿಲ್ವಾ? ಮಂಗಳವಾರದಿಂದ ನೀನು ಬರ್ಬೇಡ. ಮೈಸೂರ್ನೋರ ಹತ್ರ ನಾನ್ ಮಾತಾಡ್ತೀನಿ."

ಆಮೇಲೆ ನನ್ನ ಕಡೆ ತಿರುಗಿ, "ನಿಮ್ ಪ್ರೋಗ್ರಾಂ ಇಲ್ದೇ ಹೋಗಿದ್ರೆ ಆ ಹೆಣ್ಮಗಳ ಮಾತನ್ನ ಯಾರ್ ನಂಬ್ತಿದ್ರು? ನೀವಿರೋಗಂಟ ನಂಗೆ ಭಯ ಇಲ್ಲ" ಅಂದರು. ನನಗೆ ಕಾಫಿ ತರಿಸಿದರು.

ಜನವರಿಯಿಂದ ಕಾದದ್ದು ಇದೇ ಮಾತಿಗೆ. ಇದೇ ಮಾತು ಬಂತು, ಎಲ್ಲರೆದುರಿಗೆ ಬಂತು. ಕಾಫಿ ತಣ್ಣಗಾಯಿತು. ಹಾಸನದ ಮಾರಮ್ಮ ಇಲ್ಲಿ ಇದ್ದಿದ್ದರೆ ಬಿಸಿ ಮಾಡಿಕೊಡುತ್ತಿದ್ದಳು ಎಂದು ಯೋಚಿಸುತ್ತಿದ್ದೆ. ಪ್ರತಿಭಾ ತಲೆ ಬಗ್ಗಿಸಿ ನಿಂತಿದ್ದಳು, ನನ್ನ ಹೆಸರು ಎತ್ತಲಿಲ್ಲ.

ಒಂದೇ ದಿನ ನಾಲ್ಕೂ ಊರು ಮಾಡಿದ್ದರೆ, ಹಳೆಯದನ್ನು ಅಂದೇ ನಿಲ್ಲಿಸಿದ್ದರೆ, ಇವತ್ತು ಮೆಟ್ಟಿಲ ಮೇಲೆ ಎಷ್ಟು ಜನ ಬೆಟ್ಟಮ್ಮಂದಿರು ಕೂತಿರುತ್ತಿದ್ದರು?

ಮೇ 28, ಶುಕ್ರವಾರ

ಯಜಮಾನರು ತಮ್ಮದೇ ಬಿತ್ತನೆಯಿಂದ ಹದಿನೆಂಟು ಚೀಲ ಟೆಂಪೋದಲ್ಲಿ ಕಳಿಸಿದರು. ನಾನೂ ಪ್ರತಿಭಾಳೂ ಜೊತೆಗೆ ಹೋದೆವು. ಹೋಗೆಂದು ಯಾರೂ ಹೇಳಿರಲಿಲ್ಲ.

ಬೆಟ್ಟಮ್ಮ ಒಂದು ಗಡ್ಡೆ ತೆಗೆದು ಅದರ ಮೊಳಕೆಯ ಕಣ್ಣು ನೋಡಿದಳು, ಮೂಸಿ ನೋಡಿದಳು. "ಒಳ್ಳೇ ಗಡ್ಡೆನೇ. ನಮ್ ಮಾವನ ಕೈದಲ್ಲ ಅಷ್ಟೇಯ" ಅಂದಳು. ಕೂಲಿಯವರು ಆಗಲೇ ಕುಡುಗೋಲು ಹಿಡಿದು ಕುಯ್ಯಲು ಕೂತಿದ್ದರು. ಕೈಯಲ್ಲಿ ಕೆಲಸವಿಲ್ಲದೆ ನಿಲ್ಲಲಾಗದೆ ನಾನೂ ಕೂತು ಕುಯ್ದೆ. ಹೆಬ್ಬೆರಳು ಕುಯ್ದುಕೊಂಡೆ.

ಪ್ರತಿಭಾ ಬದುವಿನ ಮೇಲೆ ಕೂತು ದಾರದ ಬಣ್ಣಗಳನ್ನು ಬೆಟ್ಟಮ್ಮನಿಂದ ಕೇಳಿ ಬರೆದುಕೊಳ್ಳುತ್ತಿದ್ದಳು. ನನ್ನ ಬೆರಳಿಗೆ ಕಟ್ಟಲು ಕರ್ಚೀಫು ತರಲೆಂದು ಎದ್ದಾಗ ಪುಸ್ತಕ ಗಾಳಿಗೆ ತೆರೆದುಕೊಂಡಿತು. ಫೆಬ್ರವರಿ 11. "ಹರದನಹಳ್ಳಿ ಗುಂಡಯ್ಯ 1, 2: ಒಬ್ಬರದೇ. ವೇದವತಿ ಅಕ್ಕ ಹೇಳಿದ್ದು."

"ಇದನ್ನ ಯಜಮಾನರಿಗೆ ಯಾಕೆ ತೋರಿಸ್ಲಿಲ್ಲ?" ಎಂದು ಕೇಳಿದೆ.

"ಹನ್ನೆರಡು ಸಾವಿರ ಹೆಸರು ಅಕ್ಕ. ಒಂದು ಮರೆತಿರ್ತೀರಿ. ಅದಕ್ಕೆ ನಿಮಗೂ ಬೈಸ್ಲಾ? ಚೀಲ ನೋಡದೇನೆ ಬರೀ ಪರದೆ ನೋಡಿ ನಂಬಿದ್ದು ನನ್ನ ತಪ್ಪು."

ಕರ್ಚೀಫು ಬಿಗಿಯಾಗಿ ಕಟ್ಟಿದಳು. ವಾಪಸು ಬರುವಾಗ ಇಡೀ ದಾರಿ ಟೆಂಪೋದಲ್ಲಿ ಅವಳ ಪಕ್ಕ ಕೂತಿದ್ದೆ. ಕಟ್ಟಿದ ಬೆರಳನ್ನೇ ನೋಡಿಕೊಂಡು ಬಂದೆ. ಇಷ್ಟು ಒಳ್ಳೆಯವಳಾಗಿರಲು ಇವಳಿಗೆ ಹೇಗೆ ಆಗುತ್ತದೆ ಎಂದು ಅದಕ್ಕೂ ಉರಿ.

ಮೇ 29, ಶನಿವಾರ

ಏನೂ ಇಲ್ಲ.

ಮೇ 30, ಭಾನುವಾರ

ಹಂಸ ಸುಬ್ಬಮ್ಮನವರ ಮಹಡಿಯಿಂದ ಅಳುತ್ತ ಬಂದಳು. ಪ್ರತಿಭಾ ಪೆಟ್ಟಿಗೆ ಕಟ್ಟುತ್ತಿದ್ದಾಳಂತೆ. "ನೀನಾದ್ರೂ ಹೇಳಮ್ಮ, ನಿನ್ನ ಮಾತು ಕೇಳ್ತಾರೆ ಯಜಮಾನರು" ಅಂದಳು.

ನಿನ್ನ ಮಾತು ಕೇಳುತ್ತಾರೆ ಎಂದು ಈ ಮನೆಯಲ್ಲಿ ಯಾರೋ ಹೇಳಿದ್ದು ಇದೇ ಮೊದಲು. ಇವರ ಹತ್ತಿರ ಎಲ್ಲವನ್ನೂ ಹೇಳಿದೆ. ಇವರು "ಬಿಡೇ ಅತ್ಲಾಗೆ" ಅನ್ನಲಿಲ್ಲ. "ನಾಳೆ ಎಷ್ಟು ಗಂಟೆ ಬಸ್ಸಿಗೆ ಹೋಗ್ತೀ?" ಎಂದು ಮಾತ್ರ ಕೇಳಿದರು.

ಮೇ 31, ಸೋಮವಾರ

ಏಳೂವರೆಯ ಬಸ್ಸಿಗೆ ಹಾಸನಕ್ಕೆ ಹೋದೆ. ಪ್ರತಿಭಾಳೂ ಬಂದಿದ್ದಳು, ಯಜಮಾನರಿಗೆ ಕಾಗದಗಳನ್ನು ಒಪ್ಪಿಸಿ ಹೋಗಲು. ಅವಳ ಎದುರಿಗೇ ಹೇಳಿದೆ.

"ಸರ್, ಅವಳು ನನ್ನ ಕೇಳಿದ್ದಳು. ಎರಡೂ ಒಬ್ಬರದೇ ಎಂದು ನಾನು ಹೇಳಿದೆ. ಮರೆತು ಹೇಳಿದ್ದಲ್ಲ. ಗೊತ್ತಿದ್ದೇ ಹೇಳಿದ್ದು. ಅವಳ ಮೇಲೆ ನನಗೆ ಹೊಟ್ಟೆಕಿಚ್ಚು."

ಯಜಮಾನರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೀವಾ ವೇದವತಮ್ಮ?" ಅಂದರು. ಬೈದಿದ್ದರೆ ಸುಲಭವಾಗುತ್ತಿತ್ತು. ಕಿಟಕಿಯ ಕಡೆ ತಿರುಗಿ ನಿಂತುಬಿಟ್ಟರು. ಅಲ್ಲಿಂದಲೇ, "ಆ ಮಗು ಇರ್ಲಿ. ನಿಮ್ಮದು ಏನು ಮಾಡಬೇಕು ಅಂತ ನಂಗೆ ಇನ್ನೂ ತಿಳೀತಿಲ್ಲ. ಹೊರಗೆ ಕೂತಿರಿ" ಅಂದರು.

ಹೊರಗೆ ಲಾರಿಯವರು ಕೂರುವ ಬೆಂಚಿನ ಮೇಲೆ ಕೂತೆ. ಕಾಲು ಗಂಟೆಯ ನಂತರ ಪ್ರತಿಭಾ ಬಂದಳು. ಕೂರಲಿಲ್ಲ. ಕಣ್ಣು ಕೆಂಪಗಿತ್ತು. ಅವಳು ಕ್ಷಮಿಸಿದೆ ಎಂದು ಹೇಳಲಿಲ್ಲ, ನಾನೂ ಕೇಳಲಿಲ್ಲ.

"ಅರಕಲಗೂಡು, ಚನ್ನರಾಯಪಟ್ಟಣ, ಹಾಸನ, ಹೊಳೆನರಸೀಪುರ. ಒಂದೇ ಹೆಸರಲ್ಲಿ ಬೇರೆ ಬೇರೆ ಮನೆಯೋರ ಚೀಲ ಇರೋದು ಒಟ್ಟು ಎಷ್ಟಿರ್ಬೋದು? ಅಂದಾಜು ಹೇಳಿ ಸಾಕು."

"ಇನ್ನೂರ ಹದಿನಾಲ್ಕು."

"ಇದು ಅಂದಾಜಲ್ಲ" ಅಂದಳು.

"ಅಲ್ಲ. ಒಂದೇ ದಿನ ಮಾಡೋಣ ಅಂತ ಹೇಳಿದೆನಲ್ಲ ಆ ಮೀಟಿಂಗು, ಅದರ ಹಿಂದಿನ ದಿನ ಕೂತು ಎಣಿಸಿದ್ದೆ."